ತವರಿಲ್ಲದ ನಕ್ಷೆ

ಮಾನವಶಾಸ್ತ್ರ ಎಂಬ ವಿದ್ಯೆಯೊಂದಿದೆ ಎಂದು ನನಗೆ ಗೊತ್ತಾದದ್ದು ಮೈಸೂರಿನ ಕಾಲೇಜಿನಲ್ಲಿ, ಅದೂ ಅರ್ಥಶಾಸ್ತ್ರದಲ್ಲಿ ಜಾಗವಿಲ್ಲ ಎಂದು ಗುಮಾಸ್ತ ನನ್ನನ್ನು ಪಕ್ಕದ ಸಾಲಿಗೆ ಅಟ್ಟಿದ ಮೇಲೆ. ರಾಜ್ಯಕ್ಕೆ ಕರ್ನಾಟಕವೆಂದು ಹೆಸರಿಟ್ಟ ಹೊಸತು. ಮಾಗಡಿಯಲ್ಲಿ ತೆಂಗಿನಕಾಯಿ ವ್ಯಾಪಾರ ಮಾಡುತ್ತಿದ್ದ ನನ್ನಪ್ಪನಿಗೆ ಮಗಳು ಬಿ.ಎ. ಆಗಬೇಕೆಂಬ ಹುಚ್ಚು, ಯಾವ ವಿಷಯ ಎಂಬುದು ಅವನಿಗೆ ಬೇಕಿರಲಿಲ್ಲ. ಮನುಷ್ಯರ ಬಗ್ಗೆ ಓದುವುದಂತೆ ಎಂದು ನಾನು ಹೇಳಿದಾಗ, ಅದಕ್ಕೆ ಮೈಸೂರಿಗೆ ಯಾಕೆ ಹೋಗಬೇಕು, ನಮ್ಮ ಮನೆಯಲ್ಲೇ ಬೇಕಾದಷ್ಟು ಜನ ಇದ್ದಾರಲ್ಲ ಎಂದು ನಕ್ಕ. ತಮಾಷೆಗೆ ಅಂದ ಮಾತು ನನ್ನ ಪಾಲಿಗೆ ನಿಜವಾಗಿ ಕೂತಿತು.

ಮೊದಲ ಪಾಠದ ದಿನ ಮೇಷ್ಟ್ರು ಕರಿಹಲಗೆಯ ನಡುವೆ ಒಬ್ಬ ಮನುಷ್ಯನನ್ನು ಬರೆದು, ಇವನನ್ನು ನಾಲ್ಕು ಕಡೆಯಿಂದ ನೋಡಬಹುದು ಎಂದರು. ಅವನ ಮೈ, ಮೂಳೆ, ರಕ್ತ, ಅಪ್ಪನಿಂದ ಮಗನಿಗೆ ಬರುವ ಮೂಗು, ಇದೆಲ್ಲ ಶಾರೀರಿಕ ಮಾನವಶಾಸ್ತ್ರ. ಅವನು ಮಣ್ಣಿನಲ್ಲಿ ಬಿಟ್ಟುಹೋದ ಮಡಕೆ ಚೂರು, ಕಲ್ಲಿನ ಕೊಡಲಿ, ಗೋರಿ, ಇದನ್ನು ನೋಡುವುದು ಪುರಾತತ್ವ. ಅವನ ಮಾತನ್ನು ಹಿಡಿದು ಅವನ ಬಾಳನ್ನು ನೋಡುವುದು ಭಾಷಾ ಮಾನವಶಾಸ್ತ್ರ. ಅವನು ಯಾರನ್ನು ಮದುವೆಯಾಗುತ್ತಾನೆ, ಯಾರ ಪಕ್ಕ ಕೂತು ಉಣ್ಣುತ್ತಾನೆ, ಯಾರ ಮಾತಿಗೆ ತಲೆ ತಗ್ಗಿಸುತ್ತಾನೆ ಎಂಬುದು ಸಾಮಾಜಿಕ ಮತ್ತು ಸಾಂಸ್ಕೃತಿಕ ಮಾನವಶಾಸ್ತ್ರ. ಐದನೆಯದೊಂದು ಇದೆ, ಅನ್ವಯಿಕ, ಅಂದರೆ ಕಲಿತದ್ದನ್ನು ಬದುಕಿಗೆ ತಂದು ಬಳಸುವುದು. ಅದು ಮೂರನೆಯ ವರ್ಷಕ್ಕೆ ಎಂದರು. ಮಾತೆತ್ತಿದರೆ ಅವನು, ಅವನು. ಅವಳು ಎಲ್ಲಿದ್ದಾಳೆ ಎಂದು ಕೇಳುವ ಬುದ್ಧಿ ಆಗ ನನಗೂ ಇರಲಿಲ್ಲ. ಮೂರನೆಯ ವರ್ಷಕ್ಕೆ ನಾನು ಹೋಗಲೂ ಇಲ್ಲ.

ಈ ಅರ್ಧ ಕಲಿತ ವಿದ್ಯೆಯನ್ನು ಇಟ್ಟುಕೊಂಡು ನಾನು ಜೀವನದಲ್ಲಿ ಒಂದೇ ಒಂದು ಸಲ ಹಟ ಹಿಡಿದೆ. ನನ್ನ ಮಗಳನ್ನು ನನ್ನ ತಮ್ಮನಿಗೆ ಕೊಡಬಾರದು ಎಂಬ ಹಟ. ನಮ್ಮ ಕಡೆ ಅಕ್ಕನ ಮಗಳ ಮೇಲೆ ಸೋದರಮಾವನಿಗೆ ಮೊದಲ ಹಕ್ಕು. ಅದು ತಪ್ಪು ಎಂದು ನಮ್ಮಲ್ಲಿ ಯಾರಿಗೂ ಅನಿಸಿರಲಿಲ್ಲ, ನನಗೂ ಅನಿಸಿರಲಿಲ್ಲ. ಹಾಗಾದರೆ ನಿನಗೆ ಯಾವಾಗ ಬುದ್ಧಿ ಬಂತು ಎಂದು ಕೇಳಿದರೆ, ಆ ಮೇಷ್ಟ್ರು ಕೊಟ್ಟ ಒಂದು ಮನೆಗೆಲಸದಿಂದ ಶುರು ಮಾಡಬೇಕು.

ಅವರವರ ಮನೆತನದ ನಕ್ಷೆ ಬರೆದು ತನ್ನಿ ಎಂದಿದ್ದರು. ಗಂಡಿಗೆ ತ್ರಿಕೋನ, ಹೆಣ್ಣಿಗೆ ವೃತ್ತ, ಮದುವೆಗೆ ಎರಡು ಅಡ್ಡಗೆರೆ. ಎಲ್ಲರ ನಕ್ಷೆಯೂ ಮರದ ಬೇರಿನ ಹಾಗೆ ಕೆಳಗೆ ಹರಡಿಕೊಂಡು ಹೋಗಿತ್ತು. ನನ್ನದು ಹರಡಲೇ ಇಲ್ಲ. ನನ್ನ ಅಜ್ಜಿ, ಅಂದರೆ ಅವ್ವನ ಅವ್ವ, ಮಾಗಡಿಯ ನಮ್ಮ ಮನೆಯಲ್ಲೇ ಹುಟ್ಟಿದವಳು. ಅವಳನ್ನು ರಾಮನಗರದ ಹತ್ತಿರದ ಕೈಲಾಂಚಕ್ಕೆ ಕೊಟ್ಟರು. ಅವಳ ದೊಡ್ಡ ಮಗಳು ನನ್ನವ್ವ. ಅವಳನ್ನು ತಿರುಗಿ ಮಾಗಡಿಗೆ, ಅಜ್ಜಿಯ ಅಣ್ಣನ ಮಗನಿಗೆ ಕೊಟ್ಟರು. ರಾಮನಗರ ಮಾಗಡಿ ಬಸ್ಸು ಹೇಗೆ ಹೋಗಿ ಬಂದು ಮಾಡುತ್ತದೋ ಹಾಗೆ ನಮ್ಮ ಹೆಣ್ಣುಮಕ್ಕಳು ಎರಡು ಮನೆಗಳ ನಡುವೆ ಹೋಗಿ ಬಂದು ಮಾಡುತ್ತಿದ್ದರು. ಮುಂದಿನ ಸರದಿ ನನ್ನದು ಎಂದು ಎಲ್ಲರಿಗೂ ಗೊತ್ತಿತ್ತು, ಗಂಡು ನನ್ನ ಅವ್ವನ ತಮ್ಮ. ನಾನು ಹೆಮ್ಮೆಯಿಂದಲೇ ತೋರಿಸಿದೆ. ಮೇಷ್ಟ್ರು ನಕ್ಷೆಯನ್ನು ಬಹಳ ಹೊತ್ತು ನೋಡಿ, ಈ ಹುಡುಗಿ ಗಂಡನ ಮನೆಯಲ್ಲಿ ಮುನಿಸಿಕೊಂಡರೆ ಯಾರ ಮನೆಗೆ ಹೋಗುತ್ತಾಳೆ ಎಂದು ಕೇಳಿದರು. ತವರಿಗೆ ಎಂದೆ. ಅವರು ಇನ್ನೇನೂ ಹೇಳದೆ ಗುರುತು ಹಾಕಿ ಕೊಟ್ಟರು. ಒಳ್ಳೆಯ ಅಂಕವೇ ಬಂದಿತ್ತು.

ಅದೇ ವರ್ಷ ನಮ್ಮನ್ನು ಸಾವನದುರ್ಗದ ಬುಡಕ್ಕೆ ಕರೆದುಕೊಂಡು ಹೋಗಿದ್ದರು. ಊರಿನವರು ಪಾಂಡವರ ಮನೆ ಎನ್ನುವ ಕಲ್ಲಿನ ಪೆಟ್ಟಿಗೆಗಳು ಅಲ್ಲಿ ಇವೆ, ನಾಲ್ಕು ಕಡೆ ಚಪ್ಪಡಿ, ಮೇಲೊಂದು ಚಪ್ಪಡಿ, ಮುಂದಿನ ಚಪ್ಪಡಿಯಲ್ಲಿ ಒಂದು ದುಂಡು ಕಂಡಿ. ಸತ್ತವರಿಗೆ ಕಟ್ಟಿದ್ದು ಎಂದರು ಮೇಷ್ಟ್ರು. ಹುಡುಗಿಯರು ಒಳಗೆ ಹೋಗಿ ತೋರಿಸು ನೋಡೋಣ ಎಂದು ನನ್ನನ್ನು ಕೆಣಕಿದರು. ನಾನು ಮಹಾ ಜಂಭದವಳು, ಕಂಡಿಯಲ್ಲಿ ನುಗ್ಗಿಯೇಬಿಟ್ಟೆ. ಒಳಗೆ ಹೋದ ಮೇಲೆ ತಿರುಗಲು ಜಾಗವಿಲ್ಲ. ಮೊಣಕೈ ಕಲ್ಲಿಗೆ ತಾಗುತ್ತಿದೆ, ಉಸಿರು ಕಟ್ಟುತ್ತಿದೆ. ಹೊರಗಿನಿಂದ ಮೇಷ್ಟ್ರು ನಿಧಾನವಾಗಿ, ತಿರುಗಬೇಡ ಮಗು, ಹೋದ ಹಾಗೆಯೇ ಹಿಂದಕ್ಕೆ ಬಾ ಎಂದರು. ಹಾಗೆಯೇ ಬಂದೆ, ಮಂಡಿಯೆಲ್ಲ ತರಚಿಹೋಯಿತು. ಎಲ್ಲರ ಜೊತೆ ನಾನೂ ನಕ್ಕೆ.

ಎರಡನೆಯ ವರ್ಷದ ಪರೀಕ್ಷೆ ಮುಗಿಸಿ ಮಾಗಡಿಗೆ ಬಂದರೆ ಮನೆಗೆ ಸುಣ್ಣ ಬಳಿಯುತ್ತಿದ್ದರು. ಅಜ್ಜಿ ಕೈಲಾಂಚದಿಂದ ಬಂದು ಜಗಲಿಯಲ್ಲಿ ಕೂತಿದ್ದಳು. ಚಿಕ್ಕಂದಿನಲ್ಲಿ ನನ್ನ ತಲೆಗೆ ಎಣ್ಣೆ ತಟ್ಟಿದವಳು, ಜ್ವರ ಬಂದಾಗ ನನ್ನ ಹಣೆಗೆ ವಿಭೂತಿ ಇಟ್ಟು ಬೆಳಗಿನವರೆಗೆ ಕೂತವಳು ಅವಳು. ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಇಂಥ ಕೂಸನ್ನು ಯಾರೋ ಗೊತ್ತಿಲ್ಲದವರ ಮನೆಗೆ ಕೊಟ್ಟು ನಾವು ನೆಮ್ಮದಿಯಾಗಿ ಇರುವುದುಂಟೇ ಎಂದಳು. ಇನ್ನೊಂದು ವರ್ಷ ಓದು ಬಾಕಿ ಇದೆ ಎಂದೆ. ಮದುವೆಯಾಗಿಯೂ ಓದಬಹುದು, ನಮ್ಮ ಮನೆಯಲ್ಲಿ ನಿನ್ನನ್ನು ಬೇಡ ಅನ್ನುವವರು ಯಾರು ಎಂದಳು. ಇಷ್ಟು ಪ್ರೀತಿಯಿಂದ ಹೇಳುವವಳ ಎದುರು ಜಗಳ ಆಡುವುದಾದರೂ ಹೇಗೆ? ನಮ್ಮವರಲ್ಲಿ ಯಾರಾದರೂ ಕೆಟ್ಟವರಾಗಿದ್ದರೆ ನಾನು ಎಂದೋ ತಪ್ಪಿಸಿಕೊಳ್ಳುತ್ತಿದ್ದೆನೇನೋ.

ಹೀಗೆ ನನ್ನ ಅಜ್ಜಿ ನನಗೆ ಅತ್ತೆಯಾದಳು. ನನ್ನ ಮಾವ ನನ್ನ ಗಂಡನಾದ. ನಾನು ದೊಡ್ಡವಳಾದಾಗ ಹಿತ್ತಲಲ್ಲಿ ಹಸಿರು ಸೊಪ್ಪಿನ ಗುಡ್ಲು ಕಟ್ಟಿ ನನ್ನನ್ನು ಒಳಗೆ ಕೂರಿಸಿದ್ದು ಅವನೇ. ನಮ್ಮಲ್ಲಿ ಅದು ಸೋದರಮಾವನ ಕೆಲಸ. ಅಂದು ಅವನ ಮುಖ ಸಹ ನೋಡದೆ ಮಾವ, ಇನ್ನೊಂದು ಗರಿ ಹೊದಿಸು, ಬಿಸಿಲು ಬೀಳುತ್ತೆ ಎಂದು ಗದರಿದ್ದೆ. ಮದುವೆಯ ಮರುದಿನದಿಂದ ಏಕವಚನ ಬಿಟ್ಟು ಬಹುವಚನಕ್ಕೆ ಬಂದೆ. ಮಾವ ಎನ್ನುವ ಮಾತು ಮಾತ್ರ ಹಾಗೇ ಉಳಿಯಿತು. ಅವ್ವನ ತಮ್ಮನೂ ಮಾವ, ಗಂಡನ ಅಪ್ಪನೂ ಮಾವ, ಅಪ್ಪನ ಅಕ್ಕನೂ ಅತ್ತೆ, ಗಂಡನ ಅವ್ವನೂ ಅತ್ತೆ. ಮೇಷ್ಟ್ರು ಇದನ್ನು ಪಾಠದಲ್ಲಿ ಹೇಳಿದಾಗ ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದೆ. ನಾನು ಹುಟ್ಟುವ ಮುಂಚೆಯೇ ನಮ್ಮ ಮಾತಿನೊಳಗೆ ನನ್ನ ಮದುವೆ ಗೊತ್ತಾಗಿಹೋಗಿತ್ತು ಎಂದು ಅರ್ಥವಾದದ್ದು ಕೈಲಾಂಚದ ಅಡಿಗೆಮನೆಯಲ್ಲಿ.

ಕೈಲಾಂಚದ ಮನೆ ಹಿಪ್ಪುನೇರಳೆ ಸೊಪ್ಪಿನ ಮನೆ, ರೇಷ್ಮೆ ಹುಳು ಸಾಕುವ ಮನೆ. ಹುಳು ಪೊರೆ ಬಿಡುವ ಮುಂಚೆ ತಿನ್ನುವುದನ್ನು ನಿಲ್ಲಿಸಿ ತಲೆ ಎತ್ತಿಕೊಂಡು ಸುಮ್ಮನಾಗುತ್ತದೆ. ಅದಕ್ಕೆ ಜ್ವರ ಎನ್ನುತ್ತಾರೆ. ನಾಲ್ಕನೆಯ ಜ್ವರ ಎದ್ದ ಮೇಲೆ ಅದರ ಹಸಿವಿಗೆ ಲೆಕ್ಕವಿಲ್ಲ. ಆ ದಿನಗಳಲ್ಲಿ ಮನೆಯವರು ಹೊರಗೆ ಹೋಗುವುದಿಲ್ಲ, ಹೊರಗಿನವರು ಒಳಗೆ ಬರುವುದಿಲ್ಲ. ಹೊಸಿಲಿಗೆ ಬ್ಲೀಚಿಂಗ್ ಪೌಡರು, ಬಾಗಿಲಲ್ಲಿ ಒಂದು ಬಕೆಟ್ ನೀರು. ಬೇರೆ ಮನೆಯವರ ಕಾಲಿನಲ್ಲಿ ರೋಗ ಬರುತ್ತದೆ ಎಂಬ ಹೆದರಿಕೆ. ನಾನು ಪರೀಕ್ಷೆಯ ಮಾತೆತ್ತಿದಾಗಲೆಲ್ಲ, ಈ ಬೆಳೆ ಒಂದು ಮುಗಿಯಲಿ ಎನ್ನುತ್ತಿದ್ದಳು ಅಜ್ಜಿ. ಗೂಡು ರಾಮನಗರದ ಮಾರ್ಕೆಟ್ಟಿಗೆ ಹೋದ ವಾರಕ್ಕೆ ಮತ್ತೆ ಮೊಟ್ಟೆ ಬರುತ್ತಿತ್ತು. ಮುಗಿಯುವ ಬೆಳೆ ಯಾವುದು? ವರ್ಷವಿಡೀ ಬೆಳೆ. ನನ್ನ ಪುಸ್ತಕಗಳ ಟ್ರಂಕಿನ ಮೇಲೆ ಸೊಪ್ಪಿನ ಕುಕ್ಕೆ ಕೂತಿತು.

ಒಂದು ದಿನ ತಡೆಯಲಾಗಲಿಲ್ಲ. ಹುಳು ಸೊಪ್ಪು ತಿನ್ನುತ್ತಿದ್ದ ಹಾಗೇ ಬಿಟ್ಟು, ಬಟ್ಟೆಯ ಚೀಲ ಹಿಡಿದು ಹೊರಟೆ. ಮಾವ ಗದ್ದೆಯ ಬದುವಿನಲ್ಲಿ ನಿಂತು ನೋಡಿದರು, ಕರೆಯಲಿಲ್ಲ, ತಡೆಯಲೂ ಇಲ್ಲ. ರಾಮನಗರಕ್ಕೆ ಬಂದು ಮಾಗಡಿ ಬಸ್ಸು ಹತ್ತಿದೆ. ತವರಿಗೆ ಹೋಗಿ ಅವ್ವನ ಮಡಿಲಲ್ಲಿ ತಲೆಯಿಟ್ಟು ಅತ್ತುಬಿಡಬೇಕು, ಅಪ್ಪನಿಗೆ ಹೇಳಿ ಮೈಸೂರಿಗೆ ಹೋಗಿ ಪರೀಕ್ಷೆ ಕಟ್ಟಬೇಕು ಎಂದು ದಾರಿಯುದ್ದಕ್ಕೂ ಅದೇ ಯೋಚನೆ. ಅವ್ವ ಬಾಗಿಲು ತೆಗೆದವಳು ನನ್ನ ಚೀಲ ನೋಡಿದಳು, ಮುಖ ನೋಡಿದಳು. ಜಾಗ ಬಿಡಲಿಲ್ಲ.

"ನನ್ ತಮ್ಮನ್ನ ಬುಟ್ಟು ಬಂದಿದ್ದೀಯಾ?" ಎಂದಳು.

ಹೊಸಿಲ ಮೇಲೆ ನಿಂತ ನನಗೆ ಮೇಷ್ಟ್ರ ಪ್ರಶ್ನೆ ಆಗ ತಿಳಿಯಿತು. ನಾನು ಬಂದದ್ದು ನನ್ನ ಅವ್ವನ ಹತ್ತಿರ. ಬಾಗಿಲು ತೆಗೆದದ್ದು ನನ್ನ ಗಂಡನ ಅಕ್ಕ. ಎರಡೂ ಒಬ್ಬಳೇ ಹೆಂಗಸು, ಅವಳನ್ನು ಎರಡು ಮಾಡಿ ಒಂದು ತುಂಡನ್ನು ನನ್ನ ಕಡೆ ಇಟ್ಟುಕೊಳ್ಳುವ ಹಾಗಿರಲಿಲ್ಲ. ಅಪ್ಪನೋ, ಅವ್ವನ ಮುಖ ನೋಡಿ ಅಂಗಡಿಗೆ ಎದ್ದುಹೋದ. ಒಳಗೆ ಕರೆದು ಕಾಫಿ ಕೊಟ್ಟ ಮೇಲೆ ಅವ್ವನ ಕಣ್ಣಲ್ಲೂ ನೀರು.

"ನೀನು ಅಲ್ಲಿ ಕಿತ್ತಾಡ್ಕಂಡು ಬಂದ್ರೆ ನಾಳೆ ನಾನ್ ಯಾವ ಮೊಕ ಇಟ್ಕಂಡು ತವರಿಗೆ ಹೋಗ್ಲಿ, ಹೇಳು."

ಪಾಪ, ಅವಳು ಹೇಳಿದ್ದರಲ್ಲಿ ಸುಳ್ಳೇನಿತ್ತು. ಅವಳ ತವರಿನ ಬೀಗದ ಕೈ ನನ್ನ ಸೊಂಟದಲ್ಲಿತ್ತು. ಮರುದಿನ ಅವಳೇ ನನ್ನನ್ನು ಬಸ್ಸು ಹತ್ತಿಸಿಕೊಂಡು ಕೈಲಾಂಚಕ್ಕೆ ಬಂದಳು. ಅಜ್ಜಿಗೆ ನನ್ನ ಮೇಲಿನ ಸಿಟ್ಟಿಗಿಂತ ಮಗಳು ಮನೆಗೆ ಬಂದ ಸಂತೋಷವೇ ಹೆಚ್ಚು. ಒಬ್ಬಟ್ಟು ಆಯಿತು, ಬಳೆಗಾರನನ್ನು ಕರೆಸಿ ಅವ್ವನಿಗೆ ಬಳೆ ತೊಡಿಸಿದ್ದಾಯಿತು, ಮಡಿಲಿಗೆ ಅಕ್ಕಿ ಕಾಯಿ ಹಾಕಿದ್ದಾಯಿತು. ನಾನು ಮುನಿಸಿಕೊಂಡು ಹೋಗಿದ್ದೇ ನನ್ನವ್ವನಿಗೆ ತವರಿನ ಊಟವಾಯಿತು. ಆ ಊಟದ ಪಾತ್ರೆಗಳನ್ನೆಲ್ಲ ಹಿತ್ತಲಲ್ಲಿ ಕೂತು ತೊಳೆದವಳು ನಾನು. ಅಳುತ್ತಿದ್ದವಳಿಗೆ ನಡುವೆ ನಗುವೂ ಬಂತು, ನಿಜ ಹೇಳುತ್ತೇನೆ. ಪರೀಕ್ಷೆಯ ಮಾತನ್ನು ಅಲ್ಲಿಂದಾಚೆ ಎತ್ತಲಿಲ್ಲ.

ಮಾನವಶಾಸ್ತ್ರದವರು ಒಂದು ಊರನ್ನು ತಿಳಿಯಬೇಕಾದರೆ ಅಲ್ಲಿ ಹೋಗಿ ಇದ್ದು, ಅವರು ಉಣ್ಣುವುದನ್ನು ಉಂಡು, ಅವರ ಕೆಲಸ ಮಾಡಿ, ಎಲ್ಲವನ್ನೂ ಒಳಗಿನಿಂದ ನೋಡುತ್ತಾರೆ. ಕ್ಷೇತ್ರಕಾರ್ಯ ಎಂದು ಅದರ ಹೆಸರು. ನಾನೂ ಅದನ್ನೇ ಮಾಡಿದೆ. ಯಾರ ಎಲೆಗೆ ಮೊದಲು ಬಡಿಸುತ್ತಾರೆ, ಯಾರು ನಿಂತೇ ಉಣ್ಣುತ್ತಾರೆ, ಸಿಟ್ಟು ಬಂದಾಗ ಗಂಡಸರು ಎಲ್ಲಿಗೆ ಹೋಗುತ್ತಾರೆ, ಹೆಂಗಸರು ಎಲ್ಲಿಗೆ ಹೋಗುತ್ತಾರೆ, ಎಲ್ಲ ನೋಡಿದೆ. ಗಂಡಸರು ರಾಮನಗರಕ್ಕೆ ಹೋಗುತ್ತಿದ್ದರು, ಹೆಂಗಸರು ಹುಳುವಿನ ಮನೆಗೆ. ಪುಸ್ತಕದ ಪಂಡಿತರಿಗೆ ಒಂದು ಅನುಕೂಲವಿತ್ತು: ಕೆಲಸ ಮುಗಿದ ಮೇಲೆ ಅವರು ಗಂಟು ಕಟ್ಟಿ ತಮ್ಮ ಊರಿಗೆ ಹೊರಡುತ್ತಿದ್ದರು.

ಮಗಳು ಹುಟ್ಟಿದಳು. ಅದೇ ಮೂಗು, ಅದೇ ಅಂಟಿಕೊಂಡ ಕಿವಿಯ ತುದಿ. ತೊಟ್ಟಿಲ ಸುತ್ತ ನಿಂತ ಎಲ್ಲರದೂ ಅದೇ ಕಿವಿ. ಅವಳು ದೊಡ್ಡವಳಾದಾಗ ಗುಡ್ಲು ಕಟ್ಟಲು ಮಾಗಡಿಯಿಂದ ನನ್ನ ತಮ್ಮ ಬಂದ. ಅತ್ತಿ ಸೊಪ್ಪು, ತೆಂಗಿನ ಗರಿ ತಂದು ಅಚ್ಚುಕಟ್ಟಾಗಿ ಕಟ್ಟಿದ. ಅವನ ಕೈ ಗರಿ ಹೆಣೆಯುವುದನ್ನು ನೋಡುತ್ತ ನಿಂತ ನನಗೆ ನನ್ನ ಗುಡ್ಲು ನೆನಪಾಯಿತು. ಅವಳು ಒಳಗಿನಿಂದ ಇಣುಕಿ, ಮಾವ, ಇಲ್ಲೊಂದು ತೂತು ಬಿಡು, ಗಾಳಿ ಬರಲಿ ಎಂದಳು. ಅವನು ನಗುತ್ತ ಬಿಟ್ಟ.

ಅವಳು ರಾಮನಗರದ ಕಾಲೇಜಿಗೆ ಎರಡನೆಯ ವರ್ಷ ಹೋಗುತ್ತಿದ್ದಾಗ ಆ ಮಾತು ಬಂತು. ಹುಳು ನಾಲ್ಕನೆಯ ಜ್ವರ ಎದ್ದು ಮೂರು ದಿನ. ಅಜ್ಜಿಗೆ ಆಗ ಎಂಬತ್ತರ ಹತ್ತಿರ, ಆದರೂ ಸೊಪ್ಪು ಹಾಸುವುದನ್ನು ಬಿಟ್ಟಿರಲಿಲ್ಲ. ಹುಳುವಿನ ತಟ್ಟೆಯ ಆ ಕಡೆ ಅವಳು, ಈ ಕಡೆ ನಾನು.

"ನಿನ್ನ ಮಗಳ್ನ ಮಾಗಡಿಗೆ ಕೇಳವ್ರೆ ಕಣವ್ವ, ನಿನ್ನ ತಮ್ಮಂಗೆ. ನಾನು ಹೂಂ ಅಂದಿವ್ನಿ" ಎಂದಳು, ಸೊಪ್ಪು ಹಾಸುತ್ತಲೇ.

ಅಷ್ಟು ಹುಳು ತಿನ್ನುವ ಸದ್ದಿನ ನಡುವೆ ನಿಂತು ಕಿರುಚುವ ಹಾಗೂ ಇಲ್ಲ, ಬಾಗಿಲು ದಾಟಿ ಹೋಗುವ ಹಾಗೂ ಇಲ್ಲ. ಅವಳು ಓದು ಮುಗಿಸಲಿ ಎಂದೆ. ಮದುವೆಯಾಗಿಯೂ ಓದಬಹುದು ಎಂದಳು ಅಜ್ಜಿ. ಅದೇ ಮಾತು, ಅದೇ ಪ್ರೀತಿ.

ಅಂದಿನಿಂದ ನಾನು ನನ್ನ ಅರ್ಧ ವಿದ್ಯೆಯನ್ನೆಲ್ಲ ತೆಗೆದೆ. ಮೊದಲು ರಕ್ತದ ಮಾತು. ಹತ್ತಿರದ ಸಂಬಂಧದಲ್ಲಿ ಮದುವೆಯಾದರೆ ಮಕ್ಕಳಿಗೆ ತೊಂದರೆ ಬರಬಹುದು ಎಂದು ವಿವರಿಸಿದೆ. ಅಜ್ಜಿ ಪೂರ್ತಿ ಕೇಳಿ, ನಿನ್ನ ಮಗಳಿಗೆ ಏನಾಗಿದೆ, ಕಲ್ಲುಗುಂಡಿನ ಹಾಗಿದ್ದಾಳಲ್ಲ ಎಂದಳು. ಇದ್ದಳು, ನಿಜ. ಆಮೇಲೆ ಬೇರೆ ನಾಡುಗಳ ಮಾತೆತ್ತಿದೆ: ಒಂದೊಂದು ಕಡೆ ಒಂದೊಂದು ಕಟ್ಟಳೆ, ಕೆಲವು ಕಡೆ ಸೋದರಮಾವ ಅಂದರೆ ಅಪ್ಪನಿಗೆ ಸಮ, ಮದುವೆಯ ಮಾತೆತ್ತಿದರೆ ಕಿವಿ ಮುಚ್ಚಿಕೊಳ್ಳುತ್ತಾರೆ ಎಂದು. ಅವರವರ ಕಡೆ ಅವರವರದು, ನಮ್ಮ ಕಡೆ ನಮ್ಮದು ಎಂದಳು ಅಜ್ಜಿ. ನಮ್ಮ ಮೇಷ್ಟ್ರು ಮೊದಲ ವರ್ಷ ಹೇಳಿಕೊಟ್ಟದ್ದೂ ಅದನ್ನೇ. ನನ್ನ ಪುಸ್ತಕ ತಂದು ನನ್ನ ತಲೆಗೇ ಕುಕ್ಕಿದ ಹಾಗಾಯಿತು. ಮಾವ ಎಂದಿನಂತೆ ಸೊಪ್ಪು ಕೊಯ್ಯಲು ಹೊರಟರು.

ತಮ್ಮನನ್ನು ಕೇಳಿಯೇಬಿಡೋಣ ಎಂದು ಒಂದು ಶನಿವಾರ ಕೆಂಗಲ್ ಆಂಜನೇಯನ ಗುಡಿಗೆ ಬರಹೇಳಿದೆ. ಪೂಜೆ ಮುಗಿಸಿ, ಮೈಸೂರು ರಸ್ತೆಯ ಲಾರಿಗಳ ಸದ್ದಿನಲ್ಲಿ ಇಬ್ಬರೂ ಕಟ್ಟೆಯ ಮೇಲೆ ಕೂತೆವು. ಅಪ್ಪ ತೀರಿಕೊಂಡ ಮೇಲೆ ಅಂಗಡಿ, ಅವ್ವ, ಎಲ್ಲ ಅವನ ತಲೆಯ ಮೇಲೆ ಬಿದ್ದಿತ್ತು. ಹೂವಿನ ಪ್ರಸಾದವನ್ನು ಕೈಯಲ್ಲಿ ಹೊಸಕುತ್ತ ಕೂತಿದ್ದ.

"ಅಕ್ಕ, ನಾನು ಎತ್ತಾಡ್ಸಿದ ಕೂಸು ಅದು. ನಂಗೂ ಮನಸಿಲ್ಲ. ಆದ್ರೆ ಅವ್ವನ್ ಮುಂದೆ ಹೆಂಗ್ ಹೇಳ್ಲಿ?" ಎಂದ.

ನೀನು ಗಂಡಸು, ನೀನೇ ಹೇಳಲಾರೆ ಅಂದರೆ ಹೇಗೆ ಎಂದು ರೇಗಿದೆ. ಬೇಡ ಅಂದರೆ ಅವ್ವನ ತವರು ಮುರಿಯುತ್ತೆ, ಅಜ್ಜಿಯ ತವರೂ ಮುರಿಯುತ್ತೆ, ಇಬ್ಬರು ಮುದುಕಿಯರ ಶಾಪ ಹೊತ್ತುಕೊಂಡು ನಾನು ಅಂಗಡಿಯಲ್ಲಿ ಕೂರಬೇಕಾ ಎಂದ ಅವನು. ಬೈಯಲು ಹೋದವಳಿಗೆ ಅಯ್ಯೋ ಅನಿಸಿತು. ತ್ರಿಕೋನವಾದರೇನು, ವೃತ್ತವಾದರೇನು, ಗೆರೆ ಎಲ್ಲರ ಕಾಲಿಗೂ ಸುತ್ತಿಕೊಂಡಿತ್ತು. ಅವನು ಮಾಗಡಿಯ ಕಡೆಗೆ, ನಾನು ಕೈಲಾಂಚದ ಕಡೆಗೆ ಹೊರಟೆವು.

ಉಳಿದವಳು ಮಗಳು. ಅವಳೇ ಒಲ್ಲೆ ಎಂದರೆ ಕೊನೆಗೆ ಅದನ್ನಾದರೂ ಹಿಡಿದುಕೊಳ್ಳಬಹುದು ಎಂಬ ಆಸೆ ನನಗೆ. ಗೂಡು ಬಿಡಿಸಿ ಮನೆ ಖಾಲಿಯಾಗಿದ್ದ ಒಂದು ಮಧ್ಯಾಹ್ನ ಅಂಗಳದ ಮಣ್ಣಿನಲ್ಲಿ ಹಿಪ್ಪುನೇರಳೆ ಕಡ್ಡಿಯಿಂದ ನಮ್ಮ ನಕ್ಷೆ ಗೀರಿ ತೋರಿಸಿದೆ. ಇವಳು ನಿನ್ನ ಮುತ್ತಜ್ಜಿ, ಅಲ್ಲಿಂದ ಇಲ್ಲಿಗೆ. ಇವಳು ನಿನ್ನ ಅಜ್ಜಿ, ಇಲ್ಲಿಂದ ಅಲ್ಲಿಗೆ. ಇವಳು ನಾನು. ಚೀಲ ಹಿಡಿದುಕೊಂಡು ಮಾಗಡಿಗೆ ಹೋದದ್ದನ್ನೂ, ಅವ್ವ ಬಾಗಿಲಲ್ಲಿ ಕೇಳಿದ್ದನ್ನೂ, ಒಬ್ಬಟ್ಟಿನ ಪಾತ್ರೆ ತೊಳೆದದ್ದನ್ನೂ ಹೇಳಿದೆ. ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ. ಅವಳು ನನ್ನ ವೃತ್ತದ ಮೇಲೆ ಬೆರಳಿಟ್ಟಳು.

"ನಾನು ಮಾಗಡಿಗೆ ಹೋಗ್ತೀನಿ ಅಮ್ಮ. ಅಲ್ಲಿ ನಾನಿದ್ರೆ ನೀನು ಯಾವಾಗ ಬೇಕಾದ್ರೂ ಬರಬಹುದು. ಬಾಗಿಲಲ್ಲಿ ನಿನ್ನ ಯಾರೂ ಏನೂ ಕೇಳಲ್ಲ."

ಒಂದು ಗಳಿಗೆ ನನಗೆ ಆಸೆಯಾಯಿತು. ಅದನ್ನು ಮುಚ್ಚಿಟ್ಟು ಏನು ಪ್ರಯೋಜನ? ಮಾಗಡಿಯ ಆ ಬಾಗಿಲು, ಒಳಗಿನಿಂದ ನನ್ನ ಮಗಳು ಬಂದು ತೆಗೆಯುವುದು, ನಾನು ಚೀಲ ಇಟ್ಟು ಕೂರುವುದು, ಎಲ್ಲ ಕಣ್ಣ ಮುಂದೆ ಬಂತು. ಇಪ್ಪತ್ತು ವರ್ಷದಿಂದ ಬೇಕು ಬೇಕು ಎಂದು ಹಂಬಲಿಸಿದ್ದು ಅದನ್ನೇ. ಆಮೇಲೆ ಅವಳು ಹೇಳಿದ್ದರ ಅರ್ಥ ಹೊಳೆಯಿತು. ನನಗೊಂದು ತವರಿರಲಿ ಎಂದು ನನ್ನ ಮಗಳು ತನ್ನ ತವರನ್ನು ಕೊಡಲು ಹೊರಟಿದ್ದಳು. ಅವ್ವ ನನ್ನನ್ನು ಬಸ್ಸು ಹತ್ತಿಸಿ ವಾಪಸು ತಂದದ್ದೂ ಇದೇ ತವರಿಗಾಗಿ. ಅವ್ವ ತಾನಾಗಿ ಕೇಳಿದ್ದಳು, ನನಗೆ ಕೇಳದೆಯೇ ಸಿಗುತ್ತಿತ್ತು, ಅಷ್ಟೇ ವ್ಯತ್ಯಾಸ. ಕಾಲಿನಿಂದ ನಕ್ಷೆಯನ್ನು ಉಜ್ಜಿಹಾಕಿ ಒಳಗೆ ಹೋದೆ.

ಅಜ್ಜಿ ಕಂಬಕ್ಕೆ ಒರಗಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಳು. ಮಾವ ಖಾಲಿ ಚಂದ್ರಿಕೆಗಳನ್ನು, ಹುಳು ಗೂಡು ಕಟ್ಟುವ ಬಿದಿರಿನ ತಟ್ಟೆಗಳನ್ನು, ಗೋಡೆಗೆ ಒರಗಿಸುತ್ತಿದ್ದರು. ಮಗಳನ್ನು ಮಾಗಡಿಗೆ ಕೊಡುವುದಿಲ್ಲ ಎಂದೆ. ಕಾರಣ ಹೇಳಲಿಲ್ಲ, ಪುಸ್ತಕದ ಮಾತು ಆಡಲಿಲ್ಲ. ಅಜ್ಜಿ ನನ್ನನ್ನು ದಿಟ್ಟಿಸಿ ನೋಡಿದಳು. ಗದರಲೂ ಇಲ್ಲ.

"ಹಂಗಾದ್ರೆ ನಿಂಗೆ ತವರು ಇರಕಿಲ್ಲ ಕಣವ್ವ" ಎಂದಳು.

"ಯಾವತ್ತಿತ್ತು ಅಜ್ಜಿ?" ಎಂದೆ.

ಮದುವೆಯಾದ ಮೇಲೆ ಅವಳನ್ನು ಎಲ್ಲರೆದುರು ಅತ್ತೆ ಎನ್ನುತ್ತಿದ್ದೆ. ಅಜ್ಜಿ ಎಂದು ಬಾಯಿಗೆ ಬಂದದ್ದು ಎಷ್ಟೋ ಕಾಲದ ಮೇಲೆ. ಅವಳು ಎಲೆ ಅಡಿಕೆಯನ್ನು ಬಾಯಿಗೆ ಹಾಕದೆ ಕೈಯಲ್ಲೇ ಹಿಡಿದು ಕೂತಳು. ಚಂದ್ರಿಕೆ ಒರಗಿಸುತ್ತಿದ್ದ ಮಾವ ಅಲ್ಲೇ ನಿಂತರು. ವಾರ ಕಳೆದ ಮೇಲೆ ಒಂದು ಬೆಳಗ್ಗೆ 'ಕನಕಪುರದಲ್ಲೊಂದು ಗಂಡು ಐತಂತೆ, ನೋಡ್ಕಂಡ್ ಬತ್ತೀನಿ' ಎಂದು ನನಗೆ ಮಾತ್ರ ಕೇಳಿಸುವ ಹಾಗೆ ಹೇಳಿ, ಹಣೆಗೆ ವಿಭೂತಿ ಹಚ್ಚಿಕೊಂಡು ಹೊರಟರು. ಮಾಗಡಿಗೆ ಓಡಿಹೋದ ದಿನ ನನ್ನನ್ನು ತಡೆಯದೆ ಬದುವಿನಲ್ಲಿ ನಿಂತಿದ್ದರಲ್ಲ, ಅದು ಅಸಡ್ಡೆಯಲ್ಲ ಎಂದು ನನಗೆ ಅಂದು ಗೊತ್ತಾಯಿತು.

ಗಂಡು ಬಂದು ಮಗಳನ್ನು ನೋಡಿದ, ಅವಳೂ ಅವನನ್ನು ನೋಡಿ ಆಗಬಹುದು ಎಂದಳು. ಬೀಜ, ಗೊಬ್ಬರದ ಅಂಗಡಿಯವರು. ನಮ್ಮವರೇ, ಆದರೆ ಯಾವ ಕಡೆಯಿಂದ ತಡಕಿದರೂ ಸಂಬಂಧ ಸಿಗದವರು. ಡಿಗ್ರಿ ಪರೀಕ್ಷೆ ಮುಗಿದ ಮೇಲೆಯೇ ಮದುವೆ ಎಂದು ನಾನು ಪಟ್ಟು ಹಿಡಿದೆ. ಮದುವೆಯ ದಿನ ಅವ್ವ ಬರಲಿಲ್ಲ. ಹೆಣ್ಣನ್ನು ಮಂಟಪಕ್ಕೆ ಕರೆತರಬೇಕಾದವನು ಸೋದರಮಾವ. ಅವನಿಲ್ಲದೆ ಹೆಣ್ಣು ಎದ್ದು ಬರುವ ಹಾಗಿಲ್ಲ. ಮುಹೂರ್ತ ಹತ್ತಿರ ಬಂತು, ಗಂಡಿನ ಕಡೆಯವರು ಪಿಸುಗುಟ್ಟತೊಡಗಿದರು. ಕೊನೆಗೆ ಛತ್ರದ ಹಿಂಬಾಗಿಲಿನಿಂದ ತಮ್ಮ ಬಂದ. ಯಾರನ್ನೂ ಮಾತಾಡಿಸದೆ ಒಳಗೆ ಹೋಗಿ ಅವಳ ಕೈ ಹಿಡಿದು ಕರೆತಂದು ಹಸೆಮಣೆಯ ಮೇಲೆ ಕೂರಿಸಿದ. ಊಟಕ್ಕೆ ನಿಲ್ಲಲಿಲ್ಲ. ಅವ್ವನಿಗೆ ಹೇಳದೆ ಬಂದಿದ್ದನಂತೆ.

ಆ ವರ್ಷ ಗೌರಿಹಬ್ಬಕ್ಕೆ ಮಾಗಡಿಯಿಂದ ನನಗೆ ಬಾಗಿನ ಬರಲಿಲ್ಲ, ಮರುವರ್ಷವೂ ಬರಲಿಲ್ಲ. ಅವ್ವ ಮಾತ್ರ ತನ್ನ ತವರಿಗೆ ಬಂದಳು, ನಾನು ಬಡಿಸಿದ್ದನ್ನು ಉಂಡಳು, ಬಳೆ ತೊಟ್ಟಳು. ನನ್ನೊಡನೆ ಮಾತಾಡಲಿಲ್ಲ. ಸಾರಿಗೆ ಉಪ್ಪು ಸಾಲದು ಎಂಬುದನ್ನೂ ಅಜ್ಜಿಯ ಮೂಲಕ ಹೇಳಿಸಿದಳು. ನನಗೆ ಸಂಕಟವಾಗುತ್ತಿರಲಿಲ್ಲ ಎಂದರೆ ಸುಳ್ಳು. ಮನೆ ಅದೇ, ಹುಳು ಅದೇ, ಹೊರಗೆ ಹೋಗಲು ದಾರಿ ಮೊದಲಿಗಿಂತಲೂ ಒಂದು ಕಡಿಮೆ. ಕಲಿತದ್ದನ್ನು ಬದುಕಿಗೆ ತರುವ ಆ ಮೂರನೆಯ ವರ್ಷದ ಪಾಠವನ್ನು ಮಗಳ ಮೇಲೆ ಪ್ರಯೋಗ ಮಾಡಿದ್ದೆ; ನನ್ನ ಮಟ್ಟಿಗೆ ನಾನಿನ್ನೂ ಆ ಕಲ್ಲಿನ ಪೆಟ್ಟಿಗೆಯಲ್ಲೇ ಇದ್ದೆ.

ಮಗಳ ಮದುವೆಯಾಗಿ ಎರಡು ವರ್ಷವಾಗಿತ್ತೋ ಏನೋ. ಹುಳು ಹಣ್ಣಾಗುವ, ಅಂದರೆ ಗೂಡು ಕಟ್ಟಲು ಅಣಿಯಾಗುವ ಹೊತ್ತು. ಅಜ್ಜಿಗೆ ಕೆಲಸವಾಗದೆ ಬಾಗಿಲು ಕಾಯುವುದು ಮಾತ್ರ ಉಳಿದಿತ್ತು. ಬಕೆಟ್ಟಿನ ಪಕ್ಕ ಮಣೆ ಹಾಕಿಕೊಂಡು ಹೊರಗಿನವರನ್ನು ಗದರಿ ಕಳಿಸುತ್ತಿದ್ದಳು. ಯಾರೋ ಬಂದ ಸದ್ದಾಯಿತು. ಅಜ್ಜಿ ಯಾರನ್ನೋ ತಡೆದು, ಹುಳ ಹಣ್ಣಾಗ್ತಾವೆ, ಹೊರಗಿನೋರು ಬರೋ ಹಂಗಿಲ್ಲ ಎನ್ನುತ್ತಿದ್ದಳು. ಕಣ್ಣು ಮಂಜಾಗಿತ್ತು ಅವಳಿಗೆ, ಗುರುತು ಸಿಕ್ಕಿರಲಿಲ್ಲ. ಸೊಪ್ಪಿನ ಕೈಯಲ್ಲೇ ನಾನು ಬಾಗಿಲಿಗೆ ಬಂದೆ.

ಮಗಳು ನಿಂತಿದ್ದಳು. ಕೈಯಲ್ಲಿ ಬಟ್ಟೆಯ ಚೀಲ. ಕನಕಪುರದ ಮೊದಲ ಬಸ್ಸಿಗೆ ಹೊರಟಿರಬೇಕು, ತಲೆ ಬಾಚಿರಲಿಲ್ಲ, ಕಣ್ಣು ಊದಿತ್ತು. ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಏನು ಕೇಳುತ್ತೇನೆ ಎಂದು ಕಾಯುತ್ತಿದ್ದಳು ಎಂದು ನನಗೆ ಗೊತ್ತಾಯಿತು, ಯಾಕೆಂದರೆ ಆ ಕತೆಯನ್ನು ಅವಳಿಗೆ ಹೇಳಿದವಳೇ ನಾನು.

ಅವಳ ಗಂಡ ನನಗೆ ತಮ್ಮನಲ್ಲ. ಅವಳ ಅತ್ತೆ ನನಗೆ ಅವ್ವನಲ್ಲ. ಆ ಮನೆಯಲ್ಲಿ ನನಗೆ ಕಾಪಾಡಿಕೊಳ್ಳಬೇಕಾದದ್ದು ಇವಳೊಬ್ಬಳನ್ನು ಬಿಟ್ಟು ಏನೂ ಇರಲಿಲ್ಲ. ಬಕೆಟ್ ಎತ್ತಿ ಅವಳ ಕಾಲಿನ ಮೇಲೆ ನೀರು ಸುರಿದೆ, ಕೈಯಿಂದ ಚೀಲ ತೆಗೆದುಕೊಂಡೆ, ಹೊಸಿಲಿನಿಂದ ಪಕ್ಕಕ್ಕೆ ಸರಿದೆ.

"ಒಳಗೆ ಬಾ" ಎಂದೆ. ಬೇರೇನೂ ಕೇಳಲಿಲ್ಲ.